ಚುಕ್ಕಿ ಇಲ್ಲದ ಕಪ್ಪು

ದಾಂಡೇಲಿಯ ಅಂಬೇವಾಡಿಯಲ್ಲಿ, ಕೆಲಸಕ್ಕೆ ಹೋಗುವವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಸರಿತಾಳ ಮನೆಯ ಪಡಸಾಲೆಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಕಪ್ಪುಗಳ ಹಲಗೆ. ಒಂದು ಮಾರು ಉದ್ದದ ಸಾಗವಾನಿ ಹಲಗೆ, ಅದಕ್ಕೆ ಗೇಣಿಗೊಂದು ಮೊಳೆ, ಮೊಳೆಗೊಂದು ಸ್ಟೀಲಿನ ಕಪ್ಪು. ಎಲ್ಲವೂ ಹಳಿಯಾಳದ ಸಂತೆಯಲ್ಲಿ ಒಂದೇ ದಿನ ಕೊಂಡವು, ಒಂದನ್ನೊಂದು ಹೋಲುವಂಥವು. ಗುರುತಿಗೆಂದು ಸರಿತಾ ಪ್ರತಿ ಕಪ್ಪಿನ ಹಿಡಿಕೆಯ ಬುಡದಲ್ಲಿ ಉಗುರುಬಣ್ಣದಿಂದ ಚುಕ್ಕಿ ಇಟ್ಟಿದ್ದಳು. ಒಂದು ಕೆಂಪು ಚುಕ್ಕಿಯದು ಕಂಡಕ್ಟರ್ ಶಂಕ್ರಪ್ಪನ ಮಗನ ಕಪ್ಪು. ಎರಡು ಕೆಂಪಿನದು ಕಾರ್ಖಾನೆಯ ಚನಬಸಪ್ಪನ ಮಗಳದು. ನೀಲಿ, ಹಸಿರು, ಗುಲಾಬಿ ಹೀಗೆ ಎಂಟು ಮಕ್ಕಳಿಗೆ ಎಂಟು ಗುರುತು. ಅಕ್ಷರ ಬಾರದ ಮಕ್ಕಳು ಚುಕ್ಕಿಯನ್ನು ತಪ್ಪದೆ ಓದುತ್ತಿದ್ದವು. ಯಾರಾದರೂ ಮತ್ತೊಬ್ಬರ ಕಪ್ಪಿಗೆ ಕೈ ಹಾಕಿದರೆ ಇಡೀ ಪಡಸಾಲೆ ಸರಿತಾಳನ್ನು ಕರೆದು "ಮಾವಶೀ, ನೋಡ್ರಿ ಇಲ್ಲಿ!" ಎಂದು ಒದರುತ್ತಿತ್ತು.

ಈ ಶಿಸ್ತು ಸುಮ್ಮನೆ ಬಂದದ್ದಲ್ಲ. ಹೋದ ವರ್ಷ ಒಂದು ಕೂಸಿಗೆ ಬಾಯಿಹುಣ್ಣಾಗಿ, ಅದರ ಲೋಟದಲ್ಲಿ ಇನ್ನೊಂದು ಕುಡಿದು, ಒಂದೇ ವಾರದಲ್ಲಿ ಆರು ಮಕ್ಕಳು ಅನ್ನ ನುಂಗಲಾಗದೆ ಅತ್ತಿದ್ದವು. ಎರಡು ವಾರ ಸರಿತಾಳ ಮನೆಯ ಬಾಗಿಲು ಮುಚ್ಚಿತ್ತು. ತಿರುಗಿ ತೆಗೆದ ದಿನವೇ ಹಲಗೆ ಗೋಡೆಗೇರಿತು. ಅಂದಿನಿಂದ ಚುಕ್ಕಿ ಇರುವ ಕಪ್ಪನ್ನು ದೊಡ್ಡವರಾರೂ ಮುಟ್ಟಬಾರದು. ಗಂಡ ಅನಿಲನಿರಲಿ, ಅತ್ತೆ ನಾನಿಬಾಯಿಯಿರಲಿ, ಬಂದ ನೆಂಟರಿರಲಿ, ಎಲ್ಲರಿಗೂ ಈ ನಿಯಮ ಗೊತ್ತಿತ್ತು. ಹಲಗೆಯ ಕೊನೆಯ ಮೊಳೆಗೆ ಮಾತ್ರ ಚುಕ್ಕಿಯಿಲ್ಲದ ಕಪ್ಪೊಂದು ತೂಗುತ್ತಿತ್ತು. ಅದು ಮುಂದೆ ಬರುವ ಮಗುವಿಗೆ.

ಆ ಮಗು ಬಂದದ್ದು ಒಂದು ಸೋಮವಾರ. ಬೆಳಿಗ್ಗೆ ಎಂಟಕ್ಕೆ ರುಕ್ಮಾ ತನ್ನ ಎರಡು ವರ್ಷದ ಜೆಸ್ಸಿಕಾಳನ್ನು ಎತ್ತಿಕೊಂಡು ಹೊಸ್ತಿಲ ಹೊರಗೆ ನಿಂತಳು. ಸಿದ್ದಿಯರ ಹುಡುಗಿ, ಹಳಿಯಾಳದ ಕಡೆಯವಳು, ವಯಸ್ಸು ಇಪ್ಪತ್ತೈದರ ಆಚೀಚೆ. ಗಂಡ ಮಿಂಗೇಲ್ ಕ್ಯಾಸಲ್‌ರಾಕ್‌ನಲ್ಲಿ ರೈಲು ಹಳಿಯ ಕೆಲಸದಲ್ಲಿದ್ದ, ಹದಿನೈದು ದಿನಕ್ಕೊಮ್ಮೆ ಮನೆಗೆ ಬರುವವನು. ರುಕ್ಮಾಳಿಗೆ ಜೋಯಿಡಾ ರಸ್ತೆಯ ರೆಸಾರ್ಟೊಂದರ ಅಡುಗೆಮನೆಯಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು.

"ಒಳಗ ಬಾರವ್ವ, ಹೊರಗ ಯಾಕ ನಿಂತಿ?" ಎಂದಳು ಸರಿತಾ.

ರುಕ್ಮಾ ಒಳಗೆ ಬಂದು ಹಲಗೆಯನ್ನೇ ದಿಟ್ಟಿಸಿದಳು. "ಅಕ್ಕಾರ, ಒಂದ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಮ್ಮಕಿ ಕಪ್ಪ ಎಲ್ಲಿ ಇಡ್ತೀರಿ?"

"ಅಲ್ಲೇ, ಹಲಗಿ ಮ್ಯಾಲ. ಮತ್ತೆಲ್ಲಿ?"

"ಹಿಂದ ಬಿಟ್ಟ ಮನ್ಯಾಗ ಹೊರಗ ಕಟ್ಟಿ ಮ್ಯಾಲ ಇಡ್ತಿದ್ರು. ಒಳಗ ತಗೊಳ್ತಿದ್ದಿಲ್ಲ. ಬಾಯಿಲೆ ಏನೂ ಅಂತಿದ್ದಿಲ್ಲ, ಕಪ್ಪ ಅಷ್ಟ ಹೊರಗ."

ಸರಿತಾ ಮಗುವಿನ ಚೀಲಕ್ಕೆ ಕೈ ಚಾಚಿದಳು. "ಇಲ್ಲಿ ಎಲ್ಲಾರ ಕಪ್ಪೂ ಒಂದ ಹಲಗಿಗೇ" ಎಂದಳು. "ನಿನ್ನ ಮಗಳಿಗೆ ಹಳದಿ ಚುಕ್ಕಿ. ಬಣ್ಣದ ಬಾಟ್ಲಿ ಒಣಗೇತಿ, ಸಂಜಿಗೆ ಹೊಸಾದು ತಂದು ಹಚ್ಚತೇನಿ."

ರುಕ್ಮಾ ಮಗಳ ಚೀಲ ಕೊಟ್ಟು, ತಿರುಗಿ ನೋಡದೆ ಹೋದಳು. ತಿರುಗಿ ನೋಡಿದರೆ ಹೋಗಲಾಗುವುದಿಲ್ಲ ಎಂದು ಸರಿತಾಳೇ ಹೇಳಿಕೊಟ್ಟಿದ್ದಳು.

ಜೆಸ್ಸಿಕಾ ಅತ್ತಳು. ಕೂಗಾಡುವ ಅಳುವಲ್ಲ, ತಗ್ಗಿದ ದನಿಯಲ್ಲಿ ಒಂದೇ ಸಮನೆ ಅಳು. ಬೆಳಗಿನ ಉಪ್ಪಿಟ್ಟು ಬೇಡ, ನೀರು ಬೇಡ, ಆಟಿಕೆ ಬೇಡ. ಹತ್ತು ಗಂಟೆಗೆ ಹಾಲು ಕಾಯಿಸಿ ಸರಿತಾ ಎಂಟು ಕಪ್ಪಿಗೂ ಡಬ್ಬಿಯ ಸಕ್ಕರೆ ಹಾಕಿ ಹಾಲು ಬಗ್ಗಿಸಿದಳು. ಒಂಬತ್ತನೆಯ ಕಪ್ಪು ಮೊಳೆಯಲ್ಲಿರಲಿಲ್ಲ. ಅಡುಗೆಮನೆಯ ಮಾಡದಲ್ಲಿ ಇತ್ತು, ಒಳಗೆ ಆಗಲೇ ಒಂದಿಷ್ಟು ಸಕ್ಕರೆ ಇತ್ತು.

"ಅದರಾಗ ಐತಿ, ಮತ್ತ ಹಾಕಬ್ಯಾಡ" ಎಂದಳು ನಾನಿಬಾಯಿ, ಒಲೆಯ ಮುಂದೆ ಕುಳಿತೇ.

ಹೊಸ ಕೂಸಿನ ಬಾಯಿ ಸಿಹಿಯಾಗಲಿ ಎಂದು ಅತ್ತೆಯೇ ಹಾಕಿಟ್ಟಿರಬೇಕು ಎಂದುಕೊಂಡು ಸರಿತಾಳಿಗೆ ಒಳಗೊಳಗೇ ಹಿತವಾಯಿತು. ಹಿಂದಿನ ರಾತ್ರಿ ಮಾಡದಲ್ಲಿ ಅದನ್ನು ಕಂಡ ನಾನಿಬಾಯಿ, ಸೊಸೆಯೇ ಇಟ್ಟಿದ್ದಾಳೆ ಎಂದುಕೊಂಡಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ಸರಿತಾ ಜೆಸ್ಸಿಕಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯ ಹತ್ತಿರ ಕುಳಿತಳು. ರಸ್ತೆಯಲ್ಲಿ ಆಡುಗಳು ಹೋಗುತ್ತಿದ್ದವು. "ಆಡು ಬಂತು ಒಂದ ಗುಟುಕು, ಮರಿ ಬಂತು ಒಂದ ಗುಟುಕು" ಎಂದು ತಾನೇ ಕಟ್ಟಿದ ಹಾಡು ಹೇಳುತ್ತ ಕಪ್ಪು ಹಿಡಿದಳು. ಮೊದಲ ಗುಟುಕಿಗೆ ಮಗು ಮುಖ ಹಿಂಡಿತು. ಎರಡನೆಯದು ಇಳಿಯಿತು. ಅರ್ಧ ಗಂಟೆ ಹಿಡಿದರೂ ಕೊನೆಗೆ ತಳದಲ್ಲಿ ಎರಡು ಬೆರಳಿನಷ್ಟು ಹಾಲು ಮಾತ್ರ ಉಳಿಯಿತು. ಅಳು ನಿಂತಿತ್ತು.

"ಕುಡಿಸಿದೆ ನೋಡ್ರಿ ಅತ್ತಿ!" ಎಂದು ಸರಿತಾ ಒಳಗೆ ಕೂಗಿ ಹೇಳಿದಳು.

ಆಗ ಫೋನು ಬಂತು. ಮುಂಡಗೋಡದ ಪಾಳಾದಿಂದ ತಮ್ಮ ತುಳಜಪ್ಪ.

"ಅಕ್ಕಾ, ನನ್ನ ಛತ್ರಿ ನಿಮ್ಮನ್ಯಾಗ ಉಳೀತೇನ?"

"ಬಾಗಲ ಹಿಂದ ಐತಿ. ನಿನ್ನ ತಲಿ ಒಂದ ಕುತಗಿಗೆ ಹತ್ತಿಕೊಂಡೈತಿ, ಇಲ್ಲಾಂದ್ರ ಅದನ್ನೂ ಬಿಟ್ಟ ಹೋಗ್ತಿದ್ದಿ."

ತುಳಜಪ್ಪ ನಕ್ಕ. ಭಾನುವಾರ ಅವನೂ ಅವನೂರಿನ ದುರ್ಗಪ್ಪನೂ ದಾಂಡೇಲಿಗೆ ಒಂದು ನಾಮಕರಣಕ್ಕೆ ಬಂದು, ಮಧ್ಯಾಹ್ನ ಸರಿತಾಳ ಮನೆಯಲ್ಲಿ ಚಹಾ ಕುಡಿದು ಹೋಗಿದ್ದರು. "ಈಗ ಹೊಲದಿಂದ ಬಂದೆ ನೋಡು" ಎಂದ. "ಬದುವಿಗೆ ಕಸದ ಎಣ್ಣಿ ಹೊಡದ ಬಂದೆ. ಮುಂಜಾನೆ ಆರಕ್ಕ ಹೋಗಿದ್ದೆ. ನಿನ್ನಿ ಹಳಿಯಾಳದಾಗ ಇಬ್ಬರೂ ಕೂಡಿ ಒಂದ ಡಬ್ಬಿ ತಗೊಂಡಿದ್ದಿವಿ, ನಿಮ್ಮ ಹಿತ್ತಲದಾಗನ ಅರ್ಧಾಅರ್ಧಾ ಮಾಡ್ಕೊಂಡ್ವಿ. ದುರ್ಗಪ್ಪ ಡಬ್ಬಿ ತಗೊಂಡು ಹೆಂಡ್ತಿ ಊರಿಗೆ ಹ್ವಾದ, ನಾ ನೀರಿನ ಬಾಟ್ಲಿಗೆ ಹಾಕ್ಕೊಂಡ ಬಂದೆ."

ಕಸದ ಎಣ್ಣಿ ಎಂದರೆ ಹುಲ್ಲು ಒಣಗಿಸುವ ಔಷಧ. ಸರಿತಾ ರೈತರ ಮನೆಯಲ್ಲಿ ಹುಟ್ಟಿದವಳು, ಆ ವಾಸನೆ ಅವಳಿಗೆ ಗೊತ್ತು.

"ಅರ್ಧಾ ಹೆಂಗ ಮಾಡಿದ್ರಿ?" ಎಂದು ಕೇಳಿದಳು. ಯಾಕೆ ಕೇಳಿದಳೋ, ಬಾಯಿಗೆ ಬಂದುಬಿಟ್ಟಿತು.

"ನಿಮ್ಮ ಕಪ್ಪಿಲೆ ಅಳದ್ವಿ. ಅಂಜಬ್ಯಾಡ, ಚುಕ್ಕಿ ಇದ್ದದ್ದು ಒಂದೂ ಮುಟ್ಟಿಲ್ಲ. ಚುಕ್ಕಿ ಇದ್ದವು ಹುಡುಗೂರವು ಅಂತ ನನಗ ಗೊತ್ತಿಲ್ಲೇನ? ಚುಕ್ಕಿ ಇಲ್ಲದ್ದು ಒಂದ ಇತ್ತಲ್ಲ, ಯಾರದೂ ಅಲ್ಲ ಅಂತ ಅದನ್ನ ತಗೊಂಡೆ. ಬೂದಿ ಹಚ್ಚಿ ತಿಕ್ಕಿ ತೊಳದ ಇಟ್ಟೇನಿ. ಬರೇ ಕಪ್ಪ ಹೆಂಗ ಇಡೂದು ಅಂತ ನಾಮಕರಣದಾಗ ಕೊಟ್ಟ ಸಕ್ಕರಿನೂ ಅದರಾಗ ಹಾಕಿ..."

ತವರಿನ ಪದ್ಧತಿ ಅದು. ಇಸಿದುಕೊಂಡ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು; ಬೆಲ್ಲವೋ ಸಕ್ಕರೆಯೋ ಹಿಡಿ ಕಾಳೋ ಹಾಕಿಯೇ ಕೊಡಬೇಕು. ಸರಿತಾಳ ಅವ್ವ ಇಬ್ಬರಿಗೂ ಅದನ್ನು ಕಿವಿ ಹಿಂಡಿ ಕಲಿಸಿದ್ದಳು.

ತೊಡೆಯ ಮೇಲಿನ ಮಗು ಸರಿತಾಳ ಕೊರಳಿನ ಕರಿಮಣಿ ಹಿಡಿದು ಆಡುತ್ತಿತ್ತು.

"ತುಳಜಾ" ಎಂದಳು, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ. "ಆ ಎಣ್ಣಿ ಹೆಸರೇನು?"

"ಹೆಸರ ಯಾರ ನೋಡ್ತಾರ ಅಕ್ಕಾ? ಅಂಗಡ್ಯಾವ ಕೊಟ್ಟಾ, ತಗೊಂಡ್ವಿ. ಯಾಕ?"

"ಒಂದ ಕೂಸು ಕುಡದೈತೋ. ಅದರಾಗನ ಹಾಲು ಕುಡದೈತಿ."

"ಅಯ್ಯೋ ಅಕ್ಕಾ..." ಎಂದ ತುಳಜಪ್ಪ.

ಅವಳು ಫೋನು ಕಟ್ ಮಾಡಿ ನೋಡಿದರೆ ಪಕ್ಕದಲ್ಲಿಟ್ಟಿದ್ದ ಕಪ್ಪು ಇರಲಿಲ್ಲ. ಹಿತ್ತಲಿನಲ್ಲಿ ಪಾತ್ರೆಯ ಸದ್ದು ಕೇಳಿತು. ಮಗುವನ್ನು ಎತ್ತಿಕೊಂಡೇ ಓಡಿದಳು. ನಾನಿಬಾಯಿ ಬಚ್ಚಲು ಕಲ್ಲಿನ ಮುಂದೆ ಕುಳಿತು ಎಂಟು ಕಪ್ಪು ತೊಳೆದು ಬೋರಲು ಹಾಕಿದ್ದಳು. ಒಂಬತ್ತನೆಯದು ಕೈಯಲ್ಲಿತ್ತು.

"ಅತ್ತಿ, ಬಿಡ್ರಿ! ಅದನ್ನ ಇಡ್ರಿ ಕೆಳಗ! ಕೈ ತೊಳಕೋರಿ!"

"ಏನ ಹಾವು ಕಂಡಾಂಗ ಒದರತಿ?"

ಸರಿತಾ ಹೇಳಿದಳು. ನಾನಿಬಾಯಿ ಕಪ್ಪನ್ನು ಕಲ್ಲಿನ ಮೇಲಿಟ್ಟು, ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳಹೋಗಿ ಅರ್ಧಕ್ಕೇ ನಿಂತಳು. ಕಪ್ಪಿನ ತಳದಲ್ಲಿ ಹಾಲಿನ ಕೆಳಗೆ ಕರಗದ ಸಕ್ಕರೆ ಬೆಳ್ಳಗೆ ಕಾಣುತ್ತಿತ್ತು.

"ಬೂದಿಲೆ ತಿಕ್ಕ್ಯಾನ ಅಂದಿ ಅಲ್ಲ?" ಎಂದಳು ಕೊನೆಗೆ.

"ತಿಕ್ಕ್ಯಾನಂತ."

"ಹಂಗಾದ್ರ ಏನಾಗಂಗಿಲ್ಲ ತಗೋ. ಒಂದ ಚೂರ ವಾಸನಿ ಉಳದಿದ್ರ ಉಳದೀತು. ನಾವು ಎಷ್ಟ ಸಲ ಎಣ್ಣಿ ಹೊಡದ ಕೈಲೆ ರೊಟ್ಟಿ ತಿಂದೇವಿ." ಸುತ್ತ ನೋಡಿ ದನಿ ತಗ್ಗಿಸಿದಳು. "ಕೇಳು ನನ್ನ ಮಾತ. ಉಪ್ಪಿನ ನೀರ ಕುಡಿಸಿ ವಾಂತಿ ಮಾಡಸೂಣು. ಅವರವ್ವಗ ಹಾಲ ಹಿಡೀಲಿಲ್ಲ ಅಂತ ಹೇಳು. ಹೊಸಾ ಕೂಸು, ಯಾರು ನಂಬಂಗಿಲ್ಲ? ಇದು ಹೊರಗ ಬಿತ್ತಂದ್ರ ನಾಳಿಂದ ಒಂದ ಹುಡುಗ ಈ ಹೊಸ್ತಲಾ ತುಳಿಯಂಗಿಲ್ಲ."

ಒಂದು ಕ್ಷಣ ಸರಿತಾ ಆ ಮಾತನ್ನು ತನ್ನೊಳಗೆ ಇಳಿಯಬಿಟ್ಟಳು. ಸುಳ್ಳಲ್ಲ, ಅದನ್ನು ತೂಗಿಯೂ ನೋಡಿದಳು. ಮಗು ಚೆನ್ನಾಗಿಯೇ ಇದೆ. ಕಣ್ಣು ತಿಳಿಯಾಗಿವೆ, ಬಾಯಿ ಹಸಿಯಾಗಿದೆ. ಅಷ್ಟರಲ್ಲಿ ಜೆಸ್ಸಿಕಾ ಆಕಳಿಸಿತು. ಮಕ್ಕಳು ದಿನಕ್ಕೆ ಹತ್ತು ಸಲ ಆಕಳಿಸುತ್ತವೆ. ಆದರೂ ಆ ಪುಟ್ಟ ಬಾಯಿ ತೆರೆದದ್ದನ್ನು ನೋಡಿ ಸರಿತಾ ಅತ್ತೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ವಾಂತಿ ಮಾಡಸಬ್ಯಾಡ್ರಿ. ಏನೂ ಕುಡಸಬ್ಯಾಡ್ರಿ" ಎಂದಳು. "ಬಾಜೂಮನ್ಯಾಕಿನ್ನ ಕರ್ದು ಹುಡುಗೂರನ್ನ ನೋಡ್ಕೋರಿ. ನಾ ದವಾಖಾನಿಗೆ ಹೊಂಟೆ."

ಕಪ್ಪಿನ ಮೇಲೆ ತಟ್ಟೆ ಮುಚ್ಚಿ, ಅರಿವೆ ಕಟ್ಟಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡಳು. ಎರಡು ಮನೆಯ ಆಚೆಯ ಆಟೊದ ಶಿವಲಿಂಗ ತನ್ನ ಬಾಗಿಲಲ್ಲಿ ಗಾಡಿ ಒರೆಸುತ್ತಿದ್ದ. "ಸರಕಾರಿ ದವಾಖಾನಿಗೆ, ಲಗೂನ" ಎಂದದ್ದಕ್ಕೆ, "ಯಾಕ್ರೀ ಅಕ್ಕಾರ, ಜ್ವರಾ ಏನು?" ಎಂದು ಕೇಳಿದ. ಸರಿತಾ, "ವಿಷಾ" ಎಂದಳು. ಆ ಪದ ಮೊದಲ ಸಲ ಬಾಯಿಯಿಂದ ಹೊರಬಿತ್ತು. ಶಿವಲಿಂಗ ಒರೆಸುವ ಅರಿವೆ ಎಸೆದು ಗಾಡಿ ಹತ್ತಿದ. ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ.

ಆಟೊದಲ್ಲಿ ರುಕ್ಮಾಳಿಗೆ ಫೋನು ಮಾಡಿದಳು. ವ್ಯಾಪ್ತಿಯ ಹೊರಗೆ ಎಂದಿತು. ರೆಸಾರ್ಟಿನ ಆಫೀಸಿಗೆ ಮಾಡಿದಳು. ಎತ್ತಿದವನಿಗೆ, "ಅಡಗೀಮನಿ ರುಕ್ಮಾಗ ಹೇಳ್ರಿ, ಮಗಳನ್ನ ಸರಕಾರಿ ದವಾಖಾನಿಗೆ ಕರಕೊಂಡ ಹೊಂಟೇನಿ. ಮಗಳು ಎಚ್ಚರದಾಗ ಅದಾಳ. ಆದ್ರ ತಕ್ಷಣ ಬರಾಕ ಹೇಳ್ರಿ" ಎಂದಳು.

ದವಾಖಾನೆಯ ಡಾಕ್ಟರು ಮೈಸೂರಿನ ಕಡೆಯ ಸಣ್ಣ ವಯಸ್ಸಿನ ಹೆಂಗಸು. ಸರಿತಾ ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರು. ಎಷ್ಟು ಹೊತ್ತಿಗೆ, ಎಷ್ಟು ಹಾಲು, ಎಷ್ಟು ಉಳಿಯಿತು, ಅದಕ್ಕೆ ಮೊದಲು ಏನಾದರೂ ತಿಂದಿತ್ತೇ? ಪ್ರತಿಯೊಂದಕ್ಕೂ ಸರಿತಾಳ ಹತ್ತಿರ ಉತ್ತರವಿತ್ತು. ಕಪ್ಪನ್ನು ತೆಗೆದು ಕೊಟ್ಟಳು. ಡಾಕ್ಟರು ಮೂಸಿ, ಮೂಗು ಹಿಂದೆ ಮಾಡಿ, ಮತ್ತೊಮ್ಮೆ ಮೂಸಿದರು. ನರ್ಸು ಮಗುವಿಗೆ ಇದ್ದಿಲ ಪುಡಿ ಕಲಸಿದ ನೀರು ಕುಡಿಸಲು ಬಂದಳು. ಜೆಸ್ಸಿಕಾ ಉಗುಳಿತು, ಒದೆಯಿತು, ಕಿರುಚಿತು. ಮೂವರು ಹಿಡಿದು ಕುಡಿಸುವ ಹೊತ್ತಿಗೆ ಮಗುವಿನ ಹಲ್ಲು, ತುಟಿ, ಸರಿತಾಳ ಸೀರೆ ಎಲ್ಲ ಕಪ್ಪಾಗಿದ್ದವು.

"ಔಷಧಿಯ ಹೆಸರು ಬೇಕು" ಎಂದರು ಡಾಕ್ಟರು. "ಹುಲ್ಲಿಗೆ ಹೊಡೆಯೋದರಲ್ಲಿ ಬೇರೆಬೇರೆ ಇದಾವೆ. ಕೆಲವು ನಿಧಾನಕ್ಕೆ ಬೇರಿಂದ ಒಣಗಿಸ್ತವೆ. ತೊಳೆದ ಕಪ್ಪಲ್ಲಿ ಅಂಟಿಕೊಂಡಿದ್ದಷ್ಟು ಅದಾದರೆ ನಾವಿಲ್ಲೇ ನೋಡ್ಕೋಬಹುದು. ಇನ್ನೊಂದಿದೆ, ಹಸಿರನ್ನ ಅದೇ ದಿನ ಸುಟ್ಟುಬಿಡುತ್ತೆ. ಅದಾಗಿದ್ದರೆ ಸ್ವಲ್ಪ ಹೋಗಿದ್ದರೂ ನಾನು ಇಲ್ಲಿಟ್ಟುಕೊಳ್ಳಲ್ಲ. ಇವತ್ತು ಚೆನ್ನಾಗಿ ಕಂಡರೂ ಆಮೇಲೆ ಶ್ವಾಸಕೋಶಕ್ಕೆ ಇಳಿಯುತ್ತೆ. ಒಂದು ಗಂಟೆಯೊಳಗೆ ಹೆಸರು ಸಿಗದಿದ್ದರೆ ಹುಬ್ಬಳ್ಳಿಗೆ ಕಳಿಸ್ತೀನಿ."

ಆಂಬುಲೆನ್ಸಿನವನಿಗೆ ಹೇಳಿಕಳಿಸಿದರು. ಅವನು ಗಾಡಿಯನ್ನು ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಿದ. ಸರಿತಾ ಕುಳಿತಲ್ಲಿಂದಲೇ ಅದು ಕಾಣುತ್ತಿತ್ತು.

ತುಳಜಪ್ಪನಿಗೆ ಫೋನು ಹಚ್ಚಿ ಡಾಕ್ಟರ ಕೈಗೆ ಕೊಟ್ಟಳು. ಬಾಟಲಿಯಲ್ಲಿ ಉಳಿದಿದೆಯೇ ಎಂದರೆ ಇಲ್ಲ, ಎಲ್ಲ ಪಂಪಿಗೆ ಹೋಯಿತು. ಬಣ್ಣ ಏನಿತ್ತು ಎಂದರೆ, ಹಸಿರು ಅನಿಸಿತ್ತು, ಆದರೆ ಬಾಟಲಿಯೇ ಹಸಿರಿತ್ತು. ಅಂಗಡಿಯವನ ನಂಬರು ಇಲ್ಲ, ಸೋಮವಾರ ಆ ಅಂಗಡಿ ತೆಗೆಯುವುದೂ ಇಲ್ಲ. ದುರ್ಗಪ್ಪ ಜೋಯಿಡಾದ ಆಚೆ ಹೆಂಡತಿಯ ಊರಲ್ಲಿದ್ದಾನೆ, ಅಲ್ಲಿಗೆ ಫೋನು ಹತ್ತುವುದಿಲ್ಲ.

ಡಾಕ್ಟರು ಒಂದು ನಿಮಿಷ ಯೋಚಿಸಿದರು. "ಹಾಗಾದರೆ ನಿಮ್ಮ ಹೊಲಕ್ಕೆ ಹೋಗಿ. ಬೆಳಿಗ್ಗೆ ಮೊದಲು ಹೊಡೆದಿದ್ದು ಎಲ್ಲಿ, ಅಲ್ಲಿ ನಿಂತು ಹುಲ್ಲು ನೋಡಿ. ಸುಟ್ಟಿದೆಯಾ, ಹಾಗೇ ಇದೆಯಾ, ನನಗೆ ಹೇಳಿ."

ಆ ಕಡೆಯಿಂದ ತುಳಜಪ್ಪನ ಬೈಕು ಸದ್ದು ಮಾಡಿದ್ದು ಫೋನಿನಲ್ಲೇ ಕೇಳಿಸಿತು.

ಅಷ್ಟರಲ್ಲಿ ರುಕ್ಮಾ ಬಂದಳು. ರೆಸಾರ್ಟಿನ ಜೀಪು ನಡೆಸುವ ಯಲ್ಲಪ್ಪ ಅವಳನ್ನು ಕರೆತಂದಿದ್ದ. ಮೈಮೇಲೆ ಅಡುಗೆಮನೆಯ ಏಪ್ರನ್ ಹಾಗೇ ಇತ್ತು. ಅವಳು ಕಂಡದ್ದು ಮಗಳ ಕಪ್ಪಗಾದ ಬಾಯಿ.

"ಏನ್ ಆತು? ಬಾಯಿಗೇನಾತು?"

"ಅದು ಇದ್ದಿಲದ ನೀರು, ಔಷಧ" ಎಂದು ಸರಿತಾ ಎದ್ದು ನಿಂತಳು. ಮಗುವನ್ನು ಅವಳ ಕೈಗೆ ಕೊಟ್ಟು, ಕೈಯಲ್ಲಿ ಏನೂ ಇಲ್ಲದವಳಾಗಿ ಹೇಳಿದಳು: ತಮ್ಮ ಬಂದದ್ದು, ಕಪ್ಪು ತೆಗೆದುಕೊಂಡದ್ದು, ಎಣ್ಣಿ ಅಳೆದದ್ದು, ಸಕ್ಕರೆ ಹಾಕಿಟ್ಟದ್ದು, ತಾನು ಆಡಿನ ಹಾಡು ಹೇಳಿ ಕುಡಿಸಿದ್ದು. ಏನನ್ನೂ ಮುಚ್ಚಿಡಲಿಲ್ಲ.

ರುಕ್ಮಾ ಅಳಲಿಲ್ಲ, ಕೂಗಲೂ ಇಲ್ಲ. ಮಗಳನ್ನು ಎದೆಗೊತ್ತಿಕೊಂಡು ಕೇಳಿದಳು. "ಒಂಬತ್ತ ಕಪ್ಪಿದ್ವು. ಎಂಟಕ್ಕ ಚುಕ್ಕಿ ಇತ್ತು. ನಮ್ಮಕಿದಕ್ಕ ಅಷ್ಟ ಇರಲಿಲ್ಲ. ಯಾಕ್ರಿ?"

"ಬಣ್ಣಾ ಒಣಗಿತ್ತವ್ವ. ಸಂಜಿಗೆ ಹಚ್ಚತೇನಿ ಅಂತ..."

"ಯಾರದೂ ಅಲ್ಲದ ಕಪ್ಪು. ಅದಕ್ಕ ವಿಷಾ ಅಳಿಯಾಕ ಬಂತು. ನಮ್ಮಕಿ ಕುಡಿಯಾಕೂ ಬಂತು."

ಮಗು ಬರುವುದು ಹೋದ ವಾರವೇ ನಿಶ್ಚಯವಾಗಿತ್ತು. ಹಳದಿ ಬಾಟಲಿ ಒಣಗಿದ್ದು ಶುಕ್ರವಾರವೇ ಗೊತ್ತಾಗಿತ್ತು. ಕೆಂಪು ಇತ್ತು, ನೀಲಿ ಇತ್ತು. ಮೂರು ಕೆಂಪು ಚುಕ್ಕಿ ಇಟ್ಟಿದ್ದರೂ ನಡೆಯುತ್ತಿತ್ತು. ಬೇರೆ ಯಾರದಾದರೂ ಮಗುವಾಗಿದ್ದರೆ ಇಟ್ಟಿರುತ್ತಿದ್ದೆನೇ ಎಂದು ಸರಿತಾ ತನ್ನನ್ನೇ ಕೇಳಿಕೊಂಡಳು. ಇಲ್ಲ ಎಂದು ಒಳಗಿನಿಂದ ಗಟ್ಟಿಯಾಗಿ ಉತ್ತರ ಬರಲಿಲ್ಲ. ಹೌದು ಎಂದೂ ಬರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

"ತಪ್ಪ ನಂದ ಐತಿ ರುಕ್ಮಾ" ಎಂದಳು. "ಬಣ್ಣದ್ದಲ್ಲ."

ಫೋನು ಬಂತು. ತುಳಜಪ್ಪ ಏದುಸಿರು ಬಿಡುತ್ತಿದ್ದ. ಡಾಕ್ಟರು ಸ್ಪೀಕರ್ ಹಾಕಿದರು.

"ನೋಡಿದೆ ಮೇಡಮ್ಮಾರ. ಬೇಲಿ ಕಡೆ ಮೊದಲ ಹೊಡದಿದ್ದೆ. ಹುಲ್ಲು ಹಸರ ಐತಿ..." ರುಕ್ಮಾ ಮಗಳ ತಲೆಯ ಮೇಲೆ ಕೈ ಇಟ್ಟಳು. "ಆದ್ರ ತುದಿ ಒಂದೀಟು ಬಾಡಿದಂಗ ಕಾಣ್ತತಿ. ಬಿಸಲಿಗೆ ಬಾಡೇತೋ ಎಣ್ಣಿಗೆ ಬಾಡೇತೋ ನನಗ ತಿಳೀವಲ್ದು. ಸುಳ್ಳ ಹೇಳಬಾರದು ಮೇಡಮ್ಮಾರ, ನನಗ ತಿಳೀವಲ್ದು." ಅವನ ದನಿ ಒಡೆಯಿತು. "ಅಕ್ಕಾ, ನಾ ಬೂದಿಲೆ ಎರಡ ಸಲ ತಿಕ್ಕೇನಿ..."

ಡಾಕ್ಟರು ಗೋಡೆಯ ಗಡಿಯಾರ ನೋಡಿದರು. ಹನ್ನೆರಡೂ ಹತ್ತು. "ಇನ್ನು ಇಪ್ಪತ್ತು ನಿಮಿಷ ನೋಡ್ತೀನಿ" ಎಂದರು.

"ಆ ಡಬ್ಬಿ ಒಯ್ದಾವ ಯಾವ ಊರಿಗೆ ಹೋಗ್ಯಾನ?" ಎಂದು ರುಕ್ಮಾ ಥಟ್ಟನೆ ಕೇಳಿದಳು. ತುಳಜಪ್ಪ ಊರಿನ ಹೆಸರು ಹೇಳಿದ. ಅವಳು ಯಲ್ಲಪ್ಪನ ಕಡೆ ತಿರುಗಿದಳು. "ಕಾಕಾ, ಅದು ನಮ್ಮ ರೆಸಾರ್ಟಿಗೆ ಜೇನು ತರು ಮುದುಕನ ಊರ ಅಲ್ಲೇನ್ರಿ?"

"ಹೌದವ್ವ. ರೆಸಾರ್ಟಿಂದ ಹತ್ತ ನಿಮಿಷದ ಹಾದಿ."

"ಗೇಟಿನ್ಯಾಗ ಇರು ಹುಡುಗೂರಿಗೆ ಹೇಳ್ರಿ. ಬೈಕ್ ತಗೊಂಡ ಹೋಗಲಿ. ಪಾಳಾದಿಂದ ಬಂದ ಅಳಿಯಾ ದುರ್ಗಪ್ಪ ಅಂತ ಕೇಳಿದ್ರ ಊರಾಗ ಯಾರರ ಹೇಳ್ತಾರ. ಡಬ್ಬಿ ಹೆಸರ ಬರಕೊಂಡ ಬರಬ್ಯಾಡ್ರಿ, ಡಬ್ಬಿನ ತಗೊಂಡ ಬರ್ರಿ ಅನ್ರಿ, ರೆಸಾರ್ಟಿಗೆ ಬಂದು ಫೋಟೊ ಕಳಸಲಿ."

ಯಲ್ಲಪ್ಪ ಹೊರಗೆ ಹೋಗಿ ಆಫೀಸಿಗೆ ಮಾತಾಡಿದ. ರುಕ್ಮಾ ಬೆಂಚಿನ ಒಂದು ತುದಿಗೆ ಕುಳಿತಳು, ಸರಿತಾ ಇನ್ನೊಂದು ತುದಿಗೆ. ನಡುವೆ ಕಪ್ಪು ತಂದಿದ್ದ ಪ್ಲಾಸ್ಟಿಕ್ ಚೀಲವಿತ್ತು. ಜೆಸ್ಸಿಕಾ ನಿದ್ದೆಗೆ ಜಾರಿತು. ನರ್ಸು ಬಂದು ಎಬ್ಬಿಸಿ ನೋಡಿದಳು. ಮಗು ಸಿಟ್ಟಿನಿಂದ ಅತ್ತು ಮತ್ತೆ ಮಲಗಿತು. ಆ ಸಿಟ್ಟನ್ನು ನೋಡಿ ಇಬ್ಬರು ಹೆಂಗಸರೂ ಒಮ್ಮೆಲೇ ಉಸಿರು ಬಿಟ್ಟರು, ಒಬ್ಬರ ಮುಖ ಒಬ್ಬರು ನೋಡದೆ.

ಹನ್ನೆರಡೂವರೆ ಆಯಿತು. ಡಾಕ್ಟರು ಚೀಟಿ ಬರೆಯಲು ಕುಳಿತರು. ಆಂಬುಲೆನ್ಸಿನ ಹಿಂದಿನ ಬಾಗಿಲು ತೆರೆದ ಸದ್ದಾಯಿತು. "ನಾನೂ ಬರ್ತೇನಿ ಹುಬ್ಬಳ್ಳಿಗೆ" ಎಂದಳು ಸರಿತಾ. ರುಕ್ಮಾ ಬರಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮಗಳ ಚಪ್ಪಲಿ ಹುಡುಕಿ ಕೈಯಲ್ಲಿ ಹಿಡಿದುಕೊಂಡಳು. ಡಾಕ್ಟರು ಚೀಟಿಗೆ ಸಹಿ ಹಾಕುತ್ತಿದ್ದಾಗ ಯಲ್ಲಪ್ಪ ಫೋನು ಎತ್ತಿ ಹಿಡಿದು ಒಳಗೆ ಓಡಿಬಂದ.

ಫೋಟೊದಲ್ಲಿ ಮಣ್ಣು ಮೆತ್ತಿದ ಬಿಳಿ ಡಬ್ಬಿ, ಅದನ್ನು ಹಿಡಿದ ದುರ್ಗಪ್ಪನ ಹೆಬ್ಬೆರಳು. ಡಾಕ್ಟರು ಫೋಟೊ ಹಿಗ್ಗಿಸಿ ಸಣ್ಣ ಅಕ್ಷರ ಓದಿದರು. ಮತ್ತೊಮ್ಮೆ ಓದಿದರು. ಯಾರಿಗೋ ಫೋನು ಮಾಡಿ ಇಂಗ್ಲಿಷಿನಲ್ಲಿ ಮಾತಾಡಿದರು. ಸರಿತಾ ಅವರ ಹುಬ್ಬನ್ನೇ ನೋಡುತ್ತಿದ್ದಳು.

"ಸುಡೋದಲ್ಲ" ಎಂದರು ಫೋನು ಇಟ್ಟು. "ನಿಧಾನದ್ದು. ಹೊಟ್ಟೆಗೆ ಹೋಗಿರೋದೂ ತೊಳೆದಮೇಲೆ ಉಳಿದಷ್ಟು ಮಾತ್ರ. ಹುಬ್ಬಳ್ಳಿ ಸದ್ಯಕ್ಕೆ ಬೇಡ. ಆದರೆ ಮನೆಗೂ ಕಳಿಸೋಲ್ಲ. ಮಗು ಬೆಳಗಿನಿಂದ ಒಮ್ಮೆಯೂ ಮೂತ್ರ ಮಾಡಿಲ್ಲ ಅಂದಿರಿ. ಅದು ಸರಿಯಾಗಿ ಆಗಬೇಕು, ಬಣ್ಣ ನೋಡಬೇಕು. ಅಲ್ಲಿಯವರೆಗೆ ನನಗೆ ಸಮಾಧಾನ ಇಲ್ಲ."

ಒಂದು ಗಂಟೆಯಾಯಿತು, ಎರಡಾಯಿತು. ಕೈಗೆ ಸೂಜಿ ಚುಚ್ಚಿ ನೀರು ಏರಿಸಿದರು. ಸರಿತಾ ಮನೆಗೆ ಫೋನು ಮಾಡಿದಾಗ ನಾನಿಬಾಯಿ, "ಕೂಸು ಹೆಂಗೈತಿ?" ಎಂದಷ್ಟೇ ಕೇಳಿದಳು. ಚನಬಸಪ್ಪ ಹೇಗೋ ಸುದ್ದಿ ತಿಳಿದು ಮಧ್ಯಾಹ್ನವೇ ಮಗಳನ್ನು ಕರೆದೊಯ್ದಿದ್ದ. ಇನ್ನಿಬ್ಬರ ತಾಯಂದಿರೂ ಬಂದಿದ್ದರು. "ನಾನ ಹೇಳಿದೆ ಎಲ್ಲಾರಿಗೂ" ಎಂದಳು ನಾನಿಬಾಯಿ, "ನೀ ಹೇಳೂದಕಿಂತ ಮೊದಲ. ಬೈಸಿಕೊಂಡೆ." ಸರಿತಾ ಫೋನು ಇಟ್ಟಳು.

ರುಕ್ಮಾ ಮಿಂಗೇಲನಿಗೆ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು. ಅವನು ಏನೋ ಜೋರಾಗಿ ಕೇಳಿದ್ದು ಬೆಂಚಿನ ಈ ತುದಿಗೂ ಕೇಳಿಸಿತು. "ಇಲ್ಲ" ಎಂದಳು ರುಕ್ಮಾ. "ಮುಚ್ಚಿಡಲಿಲ್ಲ. ಆಕಿನ ಹೇಳಿದ್ಳು. ... ನನಗೂ ಗೊತ್ತಿಲ್ಲ. ಮೊದಲ ಇಕಿ ಉಚ್ಚಿ ಹೊಯ್ಯಲಿ, ಆಮ್ಯಾಲ ನೋಡೂಣು."

ನರ್ಸು ಗಂಟೆಗೊಮ್ಮೆ ಬಂದು ಚಡ್ಡಿ ಮುಟ್ಟಿ ನೋಡಿ ಹೋದಳು. ಒಣಗಿತ್ತು. ಮೂರು ಗಂಟೆಗೂ ಒಣಗಿತ್ತು. ಸರಿತಾ ನಲ್ಲಿಯ ಹತ್ತಿರ ಹೋಗಿ ಸಣ್ಣಗೆ ನೀರು ಬಿಟ್ಟಳು. ಮಕ್ಕಳನ್ನು ಬಚ್ಚಲಿಗೆ ಕೂರಿಸಿದಾಗ ಹಾಗೆ ಮಾಡುವುದು ಅವಳ ರೂಢಿ. "ಶ್ಶ್ಶ್" ಎಂದಳು. ಜೆಸ್ಸಿಕಾ ಅವಳನ್ನು ನೋಡಿತು, ನಲ್ಲಿಯನ್ನು ನೋಡಿತು, ಕಪ್ಪು ಹಲ್ಲು ಕಾಣುವಂತೆ ಬಾಯಿ ತೆರೆಯಿತು. ಏನೂ ಆಗಲಿಲ್ಲ. ನಲ್ಲಿ ನಿಲ್ಲಿಸಿ ಬಂದು ಕುಳಿತಳು.

ನಾಲ್ಕಕ್ಕೆ ಐದು ನಿಮಿಷವಿತ್ತು. ರುಕ್ಮಾ ಒಮ್ಮೆಲೇ ನೆಟ್ಟಗಾದಳು. ಏಪ್ರನ್ನಿನ ಮೇಲೆ ಬಿಸಿಯಾಗಿ ಏನೋ ಹರಡುತ್ತಿತ್ತು. ಅಲ್ಲಾಡಿದರೆ ಎಲ್ಲಿ ನಿಂತುಹೋಗುತ್ತದೋ ಎಂಬಂತೆ ಅವಳು ಕದಲಲಿಲ್ಲ. ತೊಡೆಯಿಂದ ಬೆಂಚಿಗೆ, ಬೆಂಚಿನಿಂದ ನೆಲಕ್ಕೆ ಹನಿ ಬಿದ್ದವು. ಸರಿತಾ ನರ್ಸನ್ನು ಕೂಗಿದಳು. ಡಾಕ್ಟರು ತಾವೇ ಬಂದರು, ಬಗ್ಗಿ ನೋಡಿದರು, ಏಪ್ರನ್ನಿನ ಬಿಳಿಯ ಮೇಲೆ ಹರಡಿದ ತಿಳಿಹಳದಿಯನ್ನು ನೋಡಿದರು.

"ಚೆನ್ನಾಗಿದೆ" ಎಂದರು. "ಬಣ್ಣ ಚೆನ್ನಾಗಿದೆ. ನಾಳೆ ಒಂದು ಸಲ ಕರಕೊಂಡು ಬನ್ನಿ, ರಕ್ತ ನೋಡೋಣ. ಈಗ ಹಸಿವಾಗಿರುತ್ತೆ, ಗಂಜಿ ಕೊಡಿ."

ರುಕ್ಮಾ ಆಗ ಅತ್ತಳು. ಬೆಳಗಿನಿಂದ ಹಿಡಿದಿಟ್ಟದ್ದೆಲ್ಲ ಬಂತು. ಜೆಸ್ಸಿಕಾ ಅವ್ವನ ಮುಖವನ್ನು ಬೆರಗಿನಿಂದ ನೋಡುತ್ತ, ಒದ್ದೆಯಾದ ಕಾಲನ್ನು ಆಡಿಸುತ್ತಿತ್ತು. ಸರಿತಾ ಗೋಡೆಗೆ ಒರಗಿ ನಿಂತಿದ್ದಳು. ಹತ್ತಿರ ಹೋಗಬೇಕೆನಿಸಿತು, ಹೋಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ರುಕ್ಮಾ ಮೂಗು ಒರೆಸಿಕೊಂಡು ತಲೆಯೆತ್ತಿದಳು.

"ಅಕ್ಕಾರ, ಬ್ಯಾರೆ ಚಡ್ಡಿ ತಂದೀರೇನ್ರಿ?"

"ಇಲ್ಲವ್ವ. ಅವಸರದಾಗ... ಮನ್ಯಾಗ ಐತಿ."

"ಹಂಗಾದ್ರ ತಗೊಂಡ ಬರ್ರಿ. ಹಸೀ ಚಡ್ಡ್ಯಾಗ ಕುಂತ್ರ ಥಂಡಿ ಆಗ್ತತಿ."

ಸರಿತಾ ಹೊರಗೆ ಓಡಿದಳು. ಶಿವಲಿಂಗ ಬೆಳಗಿನಿಂದ ಗೇಟಿನ ಹತ್ತಿರವೇ ಗಾಡಿ ನಿಲ್ಲಿಸಿಕೊಂಡು ಕುಳಿತಿದ್ದ.